ಆಗ್ಡೊ ಬಾಗ್ಡೊ ಮುಂದೆ ಮೂರು ಸಂಜೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಕೂತು ಮೂರು ಸಂಜೆ ಒಂದೇ ಪ್ರಾಣಿಯ ಕೈಲಿ ಸತ್ತೆ. ಆಟ ‘ಸ್ಟಾರ್ ವಾರ್ಸ್ ಜೆಡೈ: ಫಾಲನ್ ಆರ್ಡರ್’ ಅನ್ನೋ ವಿಡಿಯೊ ಗೇಮ್, 2019ರದ್ದು. ಪ್ರಾಣಿ ಬೊಗಾನೋ ಗ್ರಹದ ಗುಂಡಿಯಲ್ಲಿರುವ ಆಗ್ಡೊ ಬಾಗ್ಡೊ, ದೈತ್ಯ ಕಪ್ಪೆಯ ಥರ.

ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಲೈಟ್‌ಸೇಬರ್ ಅನ್ನೋ ಬೆಳಕಿನ ಕತ್ತಿ ಬೀಸಿದರೆ ಎದುರಿನವರು ಉರುಳುತ್ತಾರೆ ಅಲ್ವಾ? ಆಟವೂ ಹಾಗೇ ಅಂದುಕೊಂಡು ಬಟನ್ ಒತ್ತುತ್ತಲೇ ಇದ್ದೆ. ಪಕ್ಕದಲ್ಲಿದ್ದ ತಮ್ಮ ಹೇಳಿದ: “ಅಣ್ಣ, ಸುಮ್ನೆ ಒತ್ತಬೇಡ. ಒಂದು ಸಲ ಹೊಡೀದೇ ಅದು ಏನು ಮಾಡುತ್ತೆ ನೋಡು.”

ನೋಡಿದೆ. ಕೆಂಪಗೆ ಹೊಳೆದು ಬಂದ ಏಟನ್ನು ತಡೆಯೋಕೆ ಆಗಲ್ಲ, ಪಕ್ಕಕ್ಕೆ ಹಾರಲೇಬೇಕು. ಉಳಿದವನ್ನು ಕೊನೆ ಕ್ಷಣದಲ್ಲಿ ತಡೆದರೆ ಅದೇ ತಡವರಿಸುತ್ತದೆ. ಆಗ ಎರಡೇ ಏಟು, ತಕ್ಷಣ ಹಿಂದಕ್ಕೆ. ಮೂರನೇ ಏಟಿನ ಆಸೆಯೇ ನನ್ನನ್ನು ಕೊಲ್ಲುತ್ತಿತ್ತು. ಪ್ರಾಣಿ ನೆಗೆಯುವಾಗ ಫೋರ್ಸ್ ಅನ್ನೋ ಅತೀಂದ್ರಿಯ ಶಕ್ತಿ ಬಳಸಿ ಅದನ್ನು ನಿಧಾನ ಮಾಡಿದೆ, ತುಂಬಾ ನೆರವಾಯಿತು.

ಆದರೂ ತಡೆಯುವ ಸಮಯ ಕೈಗೆ ಹತ್ತಲಿಲ್ಲ. ಮೆನು ತೆರೆದೆ. ಕಷ್ಟದ ಪ್ರತಿ ಹಂತದ ಕೆಳಗೂ ಮೂರು ಅಳತೆಪಟ್ಟಿ ಇವೆ: ತಡೆಯಲು ಸಿಗುವ ಸಮಯ, ನಮಗೆ ಬೀಳುವ ಏಟಿನ ಜೋರು, ವೈರಿಯ ಆಕ್ರಮಣ. ನನಗೆ ಬೇಕಿದ್ದದ್ದು ಮೊದಲನೆಯದು ಮಾತ್ರ. ‘ಜೆಡೈ ಮಾಸ್ಟರ್’ ಹಂತದಿಂದ ಅದಕ್ಕಿಂತ ಸುಲಭದ ‘ಜೆಡೈ ನೈಟ್’ಗೆ ಇಳಿಸಿದೆ. ಆಟದ ನಡುವೆಯೇ ಬದಲಿಸಬಹುದು. ಇಷ್ಟು ಬಿಚ್ಚಿ ತೋರಿಸಿರುವುದು ನನಗೆ ತುಂಬಾ ಇಷ್ಟವಾಯಿತು.

ನಾಲ್ಕನೇ ಸಂಜೆ ಗೆದ್ದೆ. ಸತ್ತಾಗ ಕಳೆದಿದ್ದ ಅನುಭವದ ಅಂಕವೂ ಮೊದಲ ಏಟಿಗೇ ವಾಪಸ್ ಬಂತು. ತಮ್ಮ ಕಿರುಚಿದ್ದಕ್ಕೆ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಮಾರನೇ ದಿನ ಹಂತವನ್ನು ಮತ್ತೆ ಮೇಲಕ್ಕೆ ಏರಿಸಿದೆ.