ನಮ್ಮ ಸಿನಿಮಾವನ್ನು ತುಮಕೂರಿನಲ್ಲಿ ನಾವೇ ಬಿಡುಗಡೆ ಮಾಡುವ ಲೆಕ್ಕ

ಗಾಂಧಿನಗರದ ಸಿನಿಮಾ ವಿತರಕರಿಗೆ ತುಮಕೂರು ಬೇರೆ ವಿತರಣಾ ಏರಿಯಾ ಅಲ್ಲ. ಬೆಂಗಳೂರು, ಕೋಲಾರ, ತುಮಕೂರು ಮೂರೂ ಸೇರಿ ಬಿಕೆಟಿ. ಸ್ಟಾರ್ ಇಲ್ಲದ ಚಿತ್ರದ ಬಿಕೆಟಿ ಹಕ್ಕಿಗೆ ಮಿನಿಮಮ್ ಗ್ಯಾರಂಟಿ, ಅಂದರೆ ಚಿತ್ರ ಓಡಲಿ ಬಿಡಲಿ ವಿತರಕರು ಮೊದಲೇ ಕೊಡುವ ಹಣ, ಸಿಗುತ್ತದೆ ಎಂಬ ಆಸೆ ಬೇಡ. ಕಮಿಷನ್ ಮೇಲೆ ಬಿಡುಗಡೆ ಮಾಡಿಕೊಡುತ್ತಾರೆ. ಬಾಡಿಗೆ, ಪಬ್ಲಿಸಿಟಿ ಎಲ್ಲ ನಿರ್ಮಾಪಕರ ತಲೆಗೇ. ಹಾಗಿದ್ದ ಮೇಲೆ ನಮ್ಮ ಊರಿನ ಕೆಲಸ ನಾವೇ ಮಾಡಿಕೊಳ್ಳುತ್ತೇವೆ.

ಸಿಂಗಲ್ ಸ್ಕ್ರೀನ್‌ನಲ್ಲಿ ವಾರದ ಬಾಡಿಗೆ ಕೇಳುತ್ತಾರೆ. ದಿನಕ್ಕೆ ನಾಲ್ಕರಂತೆ 28 ಶೋ. ಉದಾಹರಣೆಗೆ ಬಾಡಿಗೆ 1,40,000 ಅಂತ ಹಿಡಿಯಿರಿ, ಶೋಗೆ 5,000 ಬಿತ್ತು. ತೆರಿಗೆ ಕಳೆದು ಟಿಕೆಟ್‌ಗೆ 100 ರೂಪಾಯಿ ಉಳಿದರೂ ಪ್ರತಿ ಶೋಗೆ 50 ಜನ ಬಂದರೆ ಬಾಡಿಗೆ ಹುಟ್ಟುತ್ತದೆ, ಅಷ್ಟೇ. ಮಂಗಳವಾರದ ಮಾರ್ನಿಂಗ್ ಶೋಗೆ 50 ಜನ ಎಲ್ಲಿಂದ ಬರಬೇಕು? ಅದಕ್ಕೇ ಇಡೀ ವಾರ ಕೇಳದೆ, ಕಲೆಕ್ಷನ್ ಹಂಚಿಕೊಳ್ಳುವ ಶೇಕಡಾವಾರು ಲೆಕ್ಕದಲ್ಲಿ ಸಂಜೆಯ ಫಸ್ಟ್ ಶೋ ಒಂದನ್ನೇ ಕೇಳುವುದು ನಮ್ಮ ಪದ್ಧತಿ. ಸೆಕೆಂಡ್ ಶೋ ಬಿಡುವ ಹೊತ್ತಿಗೆ ಗುಬ್ಬಿ, ಕೊರಟಗೆರೆ ಕಡೆಯವರಿಗೆ ಬಸ್ಸಿನ ಚಿಂತೆ. ಪರೀಕ್ಷೆಯ ದಿನಗಳು, ಸಿದ್ಧಗಂಗೆ ಜಾತ್ರೆಯ ವಾರ ಎರಡನ್ನೂ ಬಿಡುತ್ತೇವೆ.

ಟಿಕೆಟ್ ದರದಲ್ಲಿ ಬಹಳ ಜನ ಎಡವುತ್ತಾರೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 5, ಅದರ ಮೇಲೆ ಶೇ 18. ತೆರಿಗೆ ಸೇರಿಸಿ 105 ಇಟ್ಟರೆ ಕೈಗೆ 100. 120 ಇಟ್ಟರೆ 101.69. ನೋಡುವವರ ಜೇಬಿನಿಂದ 15 ಹೆಚ್ಚು ಹೋಯಿತು, ಇತ್ತ ಬಂದದ್ದು ಎರಡು ರೂಪಾಯಿಯೂ ಅಲ್ಲ. ಅದರಲ್ಲೂ ಥಿಯೇಟರ್‌ನವರ ಪಾಲಿದೆ.

ಥಿಯೇಟರ್‌ನಲ್ಲಿ ಯಾವ ಕಂಪನಿಯ ಡಿಜಿಟಲ್ ಪ್ರದರ್ಶನ ವ್ಯವಸ್ಥೆ, ಕ್ಯೂಬ್ ಇದೆಯೋ ಯುಎಫ್‌ಒ ಇದೆಯೋ ಮೊದಲೇ ವಿಚಾರಿಸಿ. ಡಿಜಿಟಲ್ ಪ್ರದರ್ಶನಕ್ಕೆಂದು ಅವರು ಹಾಕುವ ವಿಪಿಎಫ್ ಶುಲ್ಕ ನಮ್ಮ ಖರ್ಚಿನ ಪಟ್ಟಿಗೇ ಸೇರುತ್ತದೆ. ಡಿಸಿಪಿ, ಅಂದರೆ ಥಿಯೇಟರ್‌ಗೆ ಕೊಡುವ ಚಿತ್ರದ ಡಿಜಿಟಲ್ ಪ್ರತಿ, ಸೆಕೆಂಡಿಗೆ 24 ಫ್ರೇಮ್‌ನಲ್ಲೇ ಇರಲಿ, 25ರದ್ದು ಹಳೆಯ ಸರ್ವರ್‌ನಲ್ಲಿ ತಕರಾರು ಮಾಡುತ್ತದೆ. ಆ ಪ್ರತಿಯ ಬೀಗ ತೆರೆಯುವ ಕೆಡಿಎಂ ಎಂಬ ಡಿಜಿಟಲ್ ಕೀಲಿ ಒಂದು ಸರ್ವರ್‌ಗೆ, ಇಷ್ಟರಿಂದ ಇಷ್ಟು ಹೊತ್ತಿಗೆ ಅಂತಲೇ ಬರುತ್ತದೆ. ರಿಪೇರಿಯಲ್ಲಿ ಸರ್ವರ್ ಬದಲಾಗಿದ್ದರೆ ಆ ಕೀಲಿ ತೆರೆಯುವುದಿಲ್ಲ. ಶುಕ್ರವಾರ ಬಿಡುಗಡೆಯಾದರೆ ಗುರುವಾರ ಮಧ್ಯಾಹ್ನದಿಂದಲೇ ಅವಧಿ ಶುರುವಾಗುವಂತೆ ಬರೆಸಿ, ಅಂದೇ ಮೊದಲ ಹತ್ತು ನಿಮಿಷ ಓಡಿಸಿ ನೋಡುತ್ತೇವೆ. ಸೆಂಟರ್ ಸ್ಪೀಕರ್ ಸತ್ತಿದ್ದರೆ ಸಂಗೀತ ಕೇಳಿಸುತ್ತದೆ, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗಿರುತ್ತದೆ.

ಡಿಸಿಆರ್, ಅಂದರೆ ದಿನದ ಕಲೆಕ್ಷನ್ ಚೀಟಿ, ರಾತ್ರಿಯೇ ಕೈಗೆ ಬರಬೇಕು. ಕ್ಲಾಸ್‌ವಾರು ಟಿಕೆಟ್‌ನ ಆರಂಭದ ನಂಬರು, ಮುಗಿದ ನಂಬರು, ಒಟ್ಟು, ತೆರಿಗೆ, ನೆಟ್ ಇಷ್ಟನ್ನೂ ನೋಡಬೇಕು. ಇಂದಿನ ಆರಂಭದ ನಂಬರು ನಿನ್ನೆ ಮುಗಿದ ನಂಬರಿಗೆ ಕೂಡಬೇಕು. ಕೂಡದಿದ್ದರೆ ಅಲ್ಲೇ ಕೇಳಬೇಕು, ವಾರ ಕಳೆದ ಮೇಲೆ ಕೇಳಿದರೆ ಉತ್ತರ ಸಿಗುವುದಿಲ್ಲ. ಆನ್‌ಲೈನ್ ಬುಕಿಂಗ್ ಲೆಕ್ಕ ಬೇರೆ ಕಾಲಂನಲ್ಲಿರಲಿ.

ಇನ್ನು ಬಂಡವಾಳ. 2013ರ ‘ಲೂಸಿಯಾ’ ಜನರ ದುಡ್ಡಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಆದರೆ ‘ಇಷ್ಟು ಕೊಡಿ, ಇಷ್ಟು ಬಡ್ಡಿ ಕೊಡುತ್ತೇವೆ’ ಅಂತ ಊರವರಿಂದ ಎತ್ತಿದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ಎದುರಾಗಬಹುದು. ಪ್ರೈವೇಟ್ ಕಂಪನಿ ಮಾಡಿ ಷೇರು ಕೊಡುವುದಾದರೆ ಪ್ರೈವೇಟ್ ಪ್ಲೇಸ್‌ಮೆಂಟ್‌ಗೆ, ಅಂದರೆ ಆಯ್ದವರಿಗಷ್ಟೇ ಷೇರು ಕೊಡುವುದಕ್ಕೆ, ವರ್ಷಕ್ಕೆ 200 ಜನರ ಮಿತಿ ಇದೆ. ಸರ್ಕಾರದ ಸಹಾಯಧನ ಚಿತ್ರ ಮುಗಿದ ಮೇಲಿನ ಮಾತು, ಅದನ್ನು ನಂಬಿ ಸಾಲ ಎತ್ತಬಾರದು. ಒಟ್ಟು ಬಜೆಟ್‌ನ ಕಾಲು ಭಾಗವನ್ನು ಶೂಟಿಂಗ್‌ಗೆ ಮುಂಚೆಯೇ ಬಿಡುಗಡೆಗೆಂದು ಬೇರೆ ಖಾತೆಯಲ್ಲಿ, ಇಬ್ಬರ ಸಹಿ ಬೇಕಾಗುವಂತೆ ಇಡುತ್ತೇವೆ. ಡಿಐ ಎಂಬ ಬಣ್ಣ ತಿದ್ದುವ ಕೆಲಸ, ಧ್ವನಿಯ ಮಿಕ್ಸಿಂಗ್ ಹೊತ್ತಿಗೆ ನಿರ್ದೇಶಕರ ಕಣ್ಣು ಬೀಳುವುದು ಆ ಖಾತೆಯ ಮೇಲೇ.