ಮೀಟರ್ ಎಲ್ಲಿ ಕೂಡ್ಸಿದ್ರಂತ್ರೀ?

ಗದಗಿನಲ್ಲಿ ಪಿಯು ಹುಡುಗರಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯಿಂದ ಫ್ಯೂಷನ್ (ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯೋದು) ಸುದ್ದಿ ಬಂತಲ್ಲ, ಖುಷಿಯಲ್ಲಿ ಕ್ಲಾಸಿಗೆ ಹೋಗಿ ಹೇಳಿಬಿಟ್ಟೆ. ಪುಟ್ಟ ಗುಂಡಿನೊಳಗೆ ಹೈಡ್ರೋಜನ್‌ನ ಭಾರದ ರೂಪಗಳಾದ ಡ್ಯುಟೀರಿಯಂ, ಟ್ರಿಟಿಯಂ ತುಂಬಿ 192 ಲೇಸರ್ ಬಿಟ್ಟರು. 2.05 ಮೆಗಾಜೂಲ್ ಹಾಕಿ 3.15 ತೆಗೆದರು. ಹಾಕಿದ್ದಕ್ಕಿಂತ ಜಾಸ್ತಿ ಬಂತು!

ಹಿಂದಿನ ಬೆಂಚಿನ ಹುಡುಗ ಎದ್ದ. ಅವರ ಮನೆಯದು ಹಿಟ್ಟಿನ ಗಿರಣಿ. "ಸರ, ಮೀಟರ್ ಎಲ್ಲಿ ಕೂಡ್ಸಿದ್ರಂತ್ರೀ?"

ನಾನು ಸುಮ್ನೆ ನಿಂತೆ. ಮನೆಗೆ ಹೋಗಿ ಓದಿದಾಗ ಗೊತ್ತಾಯಿತು, 2.05 ಅನ್ನೋದು ಗುರಿಯನ್ನು, ಅಂದರೆ ಆ ಗುಂಡಿಟ್ಟ ಜಾಗವನ್ನು, ಮುಟ್ಟಿದ ಬೆಳಕಿನ ಲೆಕ್ಕ. ಆ ಲೇಸರ್‌ಗಳು ಲೈನಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್.

ಮಾರನೇ ವಾರ ಲ್ಯಾಬಿನಲ್ಲಿ ಹಳೇ 100 ವ್ಯಾಟ್ ಬಲ್ಬ್ ಹಚ್ಚಿದೆ. ಎದುರಿಗೆ ಪುಟ್ಟ ಸೋಲಾರ್ ಪ್ಲೇಟ್, ಅದಕ್ಕೆ ಮಲ್ಟಿಮೀಟರ್. ಕರ್ಟನ್ ಎಳೆದೆವು. ಪ್ಲೇಟನ್ನು ಎಷ್ಟು ಹತ್ತಿರ ಹಿಡಿದರೂ ಅರ್ಧ ವ್ಯಾಟ್ ದಾಟಲಿಲ್ಲ. ಬಲ್ಬ್ ಮಾತ್ರ ಕೈ ಸುಡುವಷ್ಟು ಕಾದಿತ್ತು. ನೂರಕ್ಕೆ ಅರ್ಧ. ಆ ಲೇಸರ್‌ಗಳದ್ದೂ ನೂರಕ್ಕೆ ಒಂದರೊಳಗೇ ಅಲ್ವಾ! ಇದು ಕಾಕತಾಳೀಯ, ಎರಡರ ಕೆಲಸ ಬೇರೆ ಬೇರೆ. ಆದರೂ ಹುಡುಗರಿಗೆ ವಿಷಯ ಮುಟ್ಟಿತು.

ಆಮೇಲೆ ಬೋರ್ಡಿನ ಮೇಲೆ ಮೆಗಾಜೂಲ್ ಅಳಿಸಿ ಯೂನಿಟ್ ಬರೆದೆ. 3.6 ಮೆಗಾಜೂಲಿಗೆ ಒಂದು ಯೂನಿಟ್. ಎಳೆದದ್ದು 83 ಯೂನಿಟ್, ಬಂದದ್ದು ಒಂದು ಯೂನಿಟ್ಟೂ ಇಲ್ಲ. ಗಿರಣಿಯ ಹುಡುಗ ನಕ್ಕ. ಹಾಗಂತ ಅದು ಸಣ್ಣ ಸಾಧನೆ ಅಲ್ಲ. ಗುರಿಯ ಹತ್ತಿರ ಮೀಟರ್ ಇಟ್ಟರೂ ಅದಕ್ಕೂ ಮೊದಲು ಯಾರಿಗೂ ಲಾಭ ಬಂದಿರಲಿಲ್ಲ. ನಾನು ಹೇಳಿದ ರೀತಿ ತಪ್ಪಾಗಿತ್ತು, ಅಷ್ಟೇ.

ಈಗ ಪ್ರತಿ ಸುದ್ದಿಗೂ ಇದೇ ಅಭ್ಯಾಸ. ಇಂಗ್ಲೆಂಡಿನ ಜೆಟ್ ಅನ್ನೋ ಫ್ಯೂಷನ್ ಯಂತ್ರ 2023ರಲ್ಲಿ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಕೊಟ್ಟಿತು. ಅಂದರೆ 19 ಯೂನಿಟ್. ಆದರೆ ಪ್ಲಾಸ್ಮಾ (ಎಲೆಕ್ಟ್ರಾನ್ ಬೇರ್ಪಟ್ಟ ಕಾದ ಅನಿಲ) ಕಾಯಿಸಲು ಹಾಕಿದ್ದು ಅದಕ್ಕಿಂತ ಜಾಸ್ತಿ. 2025ರ ಫೆಬ್ರುವರಿಯಲ್ಲಿ ಫ್ರಾನ್ಸಿನ ವೆಸ್ಟ್ ಅನ್ನೋ ಫ್ಯೂಷನ್ ಯಂತ್ರ ಪ್ಲಾಸ್ಮಾವನ್ನು 1,337 ಸೆಕೆಂಡ್ ಹಿಡಿದಿಟ್ಟಿತು. 22 ನಿಮಿಷ! ಅಲ್ಲಿ ಇಂಧನ ಉರಿಸೋದಲ್ಲ, ಕಾದ ಪ್ಲಾಸ್ಮಾ ಗೋಡೆಗೆ ಬಡಿದು ಆರದಂತೆ ಕಾಯೋದೇ ಕೆಲಸ. ನನ್ನ ಕೇಳಿದರೆ ಇದೇ ಹೆಚ್ಚು ಕಷ್ಟದ ಭಾಗ.

ಹೋದ ತಿಂಗಳು ಹೊಸ ಬ್ಯಾಚಿಗೆ ಇಟರ್ ಬಗ್ಗೆ, ಅಂದರೆ ಹಲವು ದೇಶಗಳು ಸೇರಿ ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಫ್ಯೂಷನ್ ಯಂತ್ರದ ಬಗ್ಗೆ ಹೇಳುತ್ತಿದ್ದೆ. ಯಂತ್ರವನ್ನು ಸುತ್ತುವರಿಯುವ ಅದರ ದೊಡ್ಡ ನಿರ್ವಾತ ಪಾತ್ರೆ, ಕ್ರಯೊಸ್ಟಾಟ್‌ನ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವು ಅಂದಾಗ ಎಲ್ಲರೂ ಕಿವಿ ನೆಟ್ಟಗೆ ಮಾಡಿದರು. 50 ಮೆಗಾವ್ಯಾಟ್ ಹಾಕಿ 500 ತೆಗೆಯೋದು ಗುರಿ ಅಂತ ಬರೆದು, ಆ 50ರ ಸುತ್ತ ಗೆರೆ ಎಳೆದೆ. "ಇದು ಪ್ಲಾಸ್ಮಾ ಒಳಗೆ ಹೋಗೋ ಶಾಖ ಮಾತ್ರ. ಲೈನಿನ ಲೆಕ್ಕ ಬೇರೆ."