ಎಸ್ಸೆಸ್ಸೆಲ್ಸಿ ಮಕ್ಕಳ ಟೆನ್ಷನ್‌ಗೆ ಮನೇಲಿ ನಾವೇನ್ ಮಾಡ್ಬಹುದು

ಹೋದ ವರ್ಷ ಪ್ರಿಪರೇಟರಿ ಮುಗಿದ್ಮೇಲೆ ಮಗನ ರೂಮ್ ಗುಡಿಸ್ವಾಗ ಅಟ್ಲಾಸ್ ಒಳಗಿಂದ ಗಣಿತದ ಆನ್ಸರ್ ಪೇಪರ್ ಬಿತ್ತು, 80ಕ್ಕೆ 26. ನಂಗೆ ಹೇಳಿದ್ದು ಇನ್ನೂ ಪೇಪರ್ ಕೊಟ್ಟಿಲ್ಲ ಅಂತ. ಬಾಯಿಗೆ ಬಂದಿದ್ದೆಲ್ಲ ಬೈದೆ, ಎದುರು ಮನೆ ಹುಡುಗೀನೂ ಮಧ್ಯೆ ಎಳ್ಕೊಂಡ್ ಬಂದೆ, ಅವನು ತಟ್ಟೆ ಮುಂದಿಂದ ಎದ್ದು ಹೋದ. ಅದಾದ್ಮೇಲೆ ಎರಡು ತಿಂಗಳಲ್ಲಿ ಏನು ಕಲಿತೆ ಅಂತ ಬರೀತಿದೀನಿ, ನಾನೇನು ಕೌನ್ಸೆಲರ್ ಅಲ್ಲ, ತಪ್ಪು ಮಾಡಿ ತಿದ್ಕೊಂಡ ಅಮ್ಮ ಅಷ್ಟೆ.

ಮೊದ್ಲನೇದು, ಎದುರು ಕೂರಿಸ್ಕೊಂಡು "ಏನ್ ಪ್ರಾಬ್ಲಮ್ ಹೇಳು" ಅಂತ ಕೇಳ್ಬೇಡಿ. ಹಂಗೆ ಕೇಳಿದ್ರೆ ಹದಿನೈದು ವರ್ಷದ ಹುಡುಗರು "ಏನಿಲ್ಲ" ಬಿಟ್ಟು ಬೇರೆ ಮಾತಾಡಲ್ಲ. ನಮ್ಮನೇಲಿ ಅವರೆಕಾಯಿ ಕಾಲ, ಹಿತುಕಿದ ಬೇಳೆ ಸಾರು ಮಾಡೋಣ ಅಂತ ನೆನೆಸಿಟ್ಟ ಕಾಳಿನ ಪಾತ್ರೆ ಇಬ್ಬರ ಮಧ್ಯೆ ಇಟ್ಕೊಂಡು ಕೂತ್ವಿ, ಇಬ್ಬರ ಕಣ್ಣೂ ಪಾತ್ರೆ ಮೇಲೆ, ಅರ್ಧ ಗಂಟೆ ಕ್ರಿಕೆಟ್ ವಿಷಯ ಆದ್ಮೇಲೆ ತಾನಾಗೇ ಹೇಳ್ದ, "ಅಮ್ಮ, ಒಂದು ಲೆಕ್ಕ ಬರ್ಲಿಲ್ಲ ಅಂದ್ರೆ ಅಲ್ಲೇ ನಿಂತ್ಬಿಡ್ತೀನಿ, ಮಿಸ್ಸು ಲಾಸ್ಟ್ ಟೆನ್ ಮಿನಿಟ್ಸ್ ಅಂದ್ರೆ ಕೈ ನಡುಗುತ್ತೆ" ಅಂತ. ಸ್ಕೂಟರಲ್ಲಿ ಹಿಂದೆ ಕೂರಿಸ್ಕೊಂಡು ಹೋಗ್ವಾಗ್ಲೂ ಹಿಂಗೇ, ಮುಖ ಕಾಣಲ್ವಲ್ಲ, ಮಾತು ಬರುತ್ತೆ. ಮಧ್ಯದಲ್ಲಿ ಬಾಯಿ ಹಾಕದೇ ಇರೋದೇ ಕಷ್ಟ, ನಂಗಂತೂ.

ಆಮೇಲೆ ಆ ಪೇಪರನ್ನ ಇಬ್ಬರೂ ಕೂತು ನೋಡಿದ್ವಿ, ಬೈಯೋಕಲ್ಲ. ಮೂರು ಬಣ್ಣದ ಸ್ಕೆಚ್ ಪೆನ್ ತಗೊಂಡ್ವಿ. ಗೊತ್ತೇ ಇಲ್ದೆ ಹೋಗಿದ್ದಕ್ಕೆ ಕೆಂಪು, ಗೊತ್ತಿದ್ದೂ ತಪ್ಪು ಮಾಡಿದ್ದಕ್ಕೆ ನೀಲಿ, ಟೈಮ್ ಸಾಲ್ದೆ ಬಿಟ್ಟಿದ್ದಕ್ಕೆ ಹಸಿರು. ಬಣ್ಣ ಅವನೇ ಹಾಕ್ಬೇಕು, ನಾವು ಪೆನ್ ಮುಟ್ಟೋ ಹಾಗಿಲ್ಲ. ಹೋಗಿದ್ದ 54 ಅಂಕದಲ್ಲಿ ಕೆಂಪು 19, ನೀಲಿ 14, ಹಸಿರು 21! ಥೇಲ್ಸ್ ಪ್ರಮೇಯ ಕಂಠಪಾಠ ಇತ್ತು, ಕೊನೇ ಪುಟ ಮುಟ್ಟೋಕೇ ಆಗಿರ್ಲಿಲ್ಲ. "ನಂಗೆ ಮ್ಯಾಥ್ಸೇ ಬರಲ್ಲ" ಅಂತಿದ್ದ ಹುಡುಗ ಆ ಹಸಿರು ಗೆರೆಗಳನ್ನ ಎರಡೆರಡು ಸಲ ಎಣಿಸಿದ. ಭಯ ಪೂರ್ತಿ ಹೋಯ್ತು ಅಂತಲ್ಲ, ಆದ್ರೆ ಇಷ್ಟೇನಾ ಅನ್ಸಿತ್ತು ಅವನಿಗೆ.

ಹಸಿರಿಗೆ ಮದ್ದು ಸುಲಭ. ಬೋರ್ಡ್ ಪರೀಕ್ಷೇಲಿ ಪ್ರಶ್ನೆಪತ್ರಿಕೆ ಓದ್ಕೊಳ್ಳೋಕೆ ಅಂತಾನೇ 15 ನಿಮಿಷ ಕೊಡ್ತಾರೆ, ಅಷ್ಟರಲ್ಲಿ ಖಂಡಿತ ಬರೋದು ಯಾವ್ಯಾವ್ದು ಅಂತ ಮನಸಲ್ಲೇ ಆರಿಸಿಟ್ಕೊಂಡು ಅದರಿಂದ್ಲೇ ಶುರು ಮಾಡೋದು, ಒಂದು ಲೆಕ್ಕ ಐದು ನಿಮಿಷಕ್ಕೆ ಬಗೆಹರೀಲಿಲ್ವಾ, ಜಾಗ ಬಿಟ್ಟು ಮುಂದೆ. ವಾರಕ್ಕೆ ಎರಡು ಸಲ ಹಳೇ ಪೇಪರ್ ಗಡಿಯಾರ ಇಟ್ಕೊಂಡು ಬರೆದ. ನಾನು ಪಕ್ಕದಲ್ಲಿ ಕೂತು ಮನೆ ಖರ್ಚಿನ ಲೆಕ್ಕ ಬರೀತಿದ್ದೆ, ಮೊಬೈಲ್ ಇಬ್ಬರದ್ದೂ ಬೀರುವಿನಲ್ಲಿ. ನಾವು ರೀಲ್ಸ್ ನೋಡ್ತಾ ನೀನು ಓದು ಅಂದ್ರೆ ಯಾವ ಮಗು ಕೇಳುತ್ತೆ ಹೇಳಿ.

ಹೊಗಳೋದ್ರಲ್ಲೂ ಒಂದು ವಿಷ್ಯ ಇದೆ. "ನೀನು ಜಾಣ, ನಿಂಗೆ ಬಂದೇ ಬರುತ್ತೆ" ಅಂದ್ರೆ ಮಕ್ಕಳಿಗೆ ಅದೂ ಒಂದು ಹೊರೆ, ಬರ್ಲಿಲ್ಲ ಅಂದ್ರೆ ಜಾಣ ಅಲ್ಲ ಅಂತಾಯ್ತಲ್ಲ. ಕಣ್ಣಾರೆ ಕಂಡಿದ್ದನ್ನ ಹೇಳಿ, "ಇವತ್ತು ಸಿಕ್ಕಾಕ್ಕೊಂಡ ಲೆಕ್ಕ ಬಿಟ್ಟು ಮುಂದೆ ಹೋದಲ್ಲ, ಚೆನ್ನಾಗಿತ್ತು" ಅಂತ. ಅಷ್ಟು ಸಾಕು. ಇನ್ನು 2024ರಿಂದ ಒಂದೇ ವರ್ಷದಲ್ಲಿ ಮತ್ತೊಂದು ಪರೀಕ್ಷೆ ಬರೆದು ಜಾಸ್ತಿ ಬಂದ ಅಂಕ ಉಳಿಸ್ಕೊಳ್ಳೋ ಅವಕಾಶ ಬಂದಿದೆ, ಅದನ್ನ ಮಗುವಿಗೆ ಒಂದ್ಸಲ ಸರಿಯಾಗಿ ಬಿಡಿಸಿ ಹೇಳಿ. ಹೇಳಿದ್ರೆ ಓದಲ್ಲ ಅನ್ನೋ ಹೆದರಿಕೆ ನಂಗೂ ಇತ್ತು, ಹೇಳಿದ್ಮೇಲೆ ರಾತ್ರಿ ನಿದ್ದೆ ಬಂತು ಅವನಿಗೆ, ಓದೋದು ಕಮ್ಮಿ ಏನೂ ಆಗ್ಲಿಲ್ಲ.

ಬೆಳಿಗ್ಗೆ ಸ್ಕೂಲ್ ಟೈಮಿಗೆ ಸರಿಯಾಗಿ ಹೊಟ್ಟೆನೋವು ಬಂದ್ರೆ ನಾಟಕ ಅನ್ಬೇಡಿ ದಯವಿಟ್ಟು. ಟೆನ್ಷನ್‌ಗೆ ಹೊಟ್ಟೆ ನಿಜವಾಗ್ಲೂ ನೋಯುತ್ತೆ. ಒಂದ್ಸಲ ಡಾಕ್ಟರಿಗೆ ತೋರ್ಸಿ, ಏನಿಲ್ಲ ಅಂದ್ರೆ ಅವತ್ತು ಯಾವ ಪೀರಿಯಡ್ ಇದೆ ಅಂತ ಟೈಮ್‌ಟೇಬಲ್ ನೋಡಿ, ಬಹಳ ಸಲ ಉತ್ತರ ಅಲ್ಲೇ ಇರುತ್ತೆ. ಕ್ಲಾಸಲ್ಲಿ ಎಲ್ಲರ ಮುಂದೆ ಅಂಕ ಓದೋದು, ನಿಲ್ಲಿಸೋದು ನಡೀತಿದ್ರೆ ಕ್ಲಾಸ್ ಟೀಚರನ್ನ ಒಬ್ಬರೇ ಇದ್ದಾಗ ಹೋಗಿ ಮಾತಾಡ್ಸಿ, ಪೇರೆಂಟ್ಸ್ ಮೀಟಿಂಗಲ್ಲಿ ಜಗಳ ಆಡಿದ್ರೆ ಮಾರನೇ ದಿನ ಅನುಭವಿಸೋದು ಮಗು. ಯಾಕೆ ಹಿಂಗ್ ಮಾಡ್ತೀರ ಅನ್ನೋ ಬದ್ಲು ಮನೇಲಿ ಹಿಂಗಾಗ್ತಿದೆ ಮೇಡಂ ಅಂತ ಹೇಳಿ ನೋಡಿ.

ರಾತ್ರಿ ಹನ್ನೊಂದರ ಮೇಲೆ ಓದಿಸ್ಬೇಡಿ. ಮೂರನೇ ಟ್ಯೂಷನ್ನೂ ಬೇಡ.

ಆದ್ರೆ ವಾರಗಟ್ಲೆ ಊಟ ನಿದ್ದೆ ಬಿಟ್ಟಿದೆ, ಫ್ರೆಂಡ್ಸ್ ಬೇಡ, "ನಾನಿದ್ದು ಏನ್ ಪ್ರಯೋಜನ" ಅನ್ನೋ ಥರ ಮಾತು ಬರ್ತಿದೆ ಅಂದ್ರೆ ಸ್ಕೆಚ್ ಪೆನ್, ಅವರೆಕಾಳು ಎಲ್ಲ ಪಕ್ಕಕ್ಕಿಡಿ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ನಂಬರ್ 14416, ಸರ್ಕಾರದ್ದು, ದುಡ್ಡಿಲ್ಲ, ದಿನದ 24 ಗಂಟೆ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ಮಗುನೂ ಮಾಡ್ಬಹುದು ನೀವೂ ಮಾಡ್ಬಹುದು. ಮಕ್ಕಳ ಸಹಾಯವಾಣಿ 1098. ಅಂಥ ಮಾತು ಬಂದ ದಿನ ಮಗೂನ ಒಂಟಿಯಾಗಿ ಬಿಡ್ಬೇಡಿ, ಜಿಲ್ಲಾಸ್ಪತ್ರೇಲಿ ಮನೋವೈದ್ಯರಿಗೂ ತೋರಿಸ್ಬಹುದು, ಜನ ಏನಂತಾರೋ ಅಂತ ಕಾಯ್ಬೇಡಿ.

ರಿಸಲ್ಟ್ ದಿನಕ್ಕೆ ಮೊದ್ಲೇ ಮನೇಲಿ ಮಾತಾಡ್ಕೊಳ್ಳಿ. ಅವತ್ತು ವೆಬ್‌ಸೈಟ್ ಓಪನ್ನೇ ಆಗಲ್ಲ, ಅಷ್ಟರಲ್ಲಿ ದೊಡ್ಡಪ್ಪ, ಅತ್ತೆ, ಫ್ಯಾಮಿಲಿ ಗ್ರೂಪು, "ಎಷ್ಟು ಬಂತು, 600 ದಾಟ್ತಾ?" ಅಂತ ಶುರು. ನಾನು ಅವನಿಗೆ ಹಿಂದಿನ ದಿನಾನೇ ಹೇಳಿದ್ದೆ, ಫೋನ್ ಎಲ್ಲಾ ನಾನೇ ಎತ್ತೋದು, ನಿನ್ನ ಕೈಗೆ ಕೊಡಲ್ಲ, 625ಕ್ಕೆ ಎಷ್ಟೇ ಬರ್ಲಿ. ಅವತ್ತು ಹನ್ನೊಂದು ಫೋನ್ ಬಂತು. ಒಂದನ್ನೂ ಕೊಡ್ಲಿಲ್ಲ.